ಎಡಗಡೆಯ ಹಿಂದಿನ ಗಾಲಿ

ಕುಂಯ್... ಕುಂಯ್... ಕುಂಯ್...

ಗಾಲಿ ಒಂದು ಸುತ್ತು ತಿರುಗಿದರೆ ಒಂದು ಸಲ. ದೊಡ್ಡ ಸದ್ದೇನಲ್ಲ, ಕಟ್ಟಿಹಾಕಿದ ಎಳೆಗರು ಮೂಗಿನಲ್ಲೇ ಅತ್ತಂಥದ್ದು. ರಸ್ತೆ ಬದಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದ ನಾಲ್ಕು ಜನರಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ. ಗ್ಯಾರೇಜಿನ ಶಟರ್ ಎತ್ತುತ್ತಿದ್ದ ತಾಯಣ್ಣನ ಕೈ ಮಾತ್ರ ಅರ್ಧಕ್ಕೇ ನಿಂತಿತು.

ಮಾನ್ವಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಆಂಜನೇಯನ ಹಳೆಯ ಜೀಪು ಓಣಿಯ ತಗ್ಗು ದಿನ್ನೆಗಳನ್ನು ದಾಟಿ ದೊಡ್ಡ ರಸ್ತೆಗೆ ಬಂದು, ಕವಿತಾಳದ ದಿಕ್ಕಿಗೆ ತಿರುಗಿತು. ಒಳಗೆ ಹದಿನಾಲ್ಕು ಜನ ಹೆಣ್ಣುಮಕ್ಕಳು. ಎಲ್ಲರೂ ಹತ್ತಿ ಬಿಡಿಸಲು ಹೊರಟವರು. ಹಿಂದೆ ಎಡಗಡೆಯ ಕೂರುವ ಪಟ್ಟಿಯ ಮೇಲೆ, ಸರಿಯಾಗಿ ಆ ಗಾಲಿಯ ನೆತ್ತಿಗೇ, ತಾಯಣ್ಣನ ಅಕ್ಕ ದುರುಗಮ್ಮ ಕುಳಿತಿದ್ದಳು. ತಲೆಗೆ ಸುತ್ತಿದ ವಸ್ತ್ರದೊಳಗಿಂದ ತಮ್ಮನನ್ನು ನೋಡಿ ಕೈ ಎತ್ತಿದಳು. ಎಲ್ಲ ಸರಿಯಾಗಿದೆ ಎನ್ನುವಂಥ ಕೈ ಅದು.

ತಾಯಣ್ಣ ತಿರುಗಿ ಕೈ ಎತ್ತಲಿಲ್ಲ. ನಾಲ್ಕು ಹೆಜ್ಜೆ ಓಡಿದ. "ಲೇ ಆಂಜನೇಯ! ನಿಲ್ಲಸಲೇ!" ಎಂದು ಕೂಗಿದ. ಜೀಪು ಆಗಲೇ ತಿರುವು ದಾಟಿತ್ತು. ಫೋನು ಹಚ್ಚಿದ. ಗಾಡಿ ಓಡಿಸುವಾಗ ಆಂಜನೇಯ ಫೋನು ಎತ್ತುವುದಿಲ್ಲ. ಆ ಮಟ್ಟಿಗೆ ಒಳ್ಳೆಯ ಹುಡುಗ. ಇವತ್ತು ಆ ಒಳ್ಳೆಯತನದ ಮೇಲೆ ತಾಯಣ್ಣನಿಗೆ ಸಿಟ್ಟು ಬಂತು.

ಎರಡು ಸಲ ರಿಪೇರಿ ಮಾಡಿದ ಗಾಲಿ ಅದು. ಸೋಮವಾರ ಬೆಳಿಗ್ಗೆ ಹೊಲ ಮುಟ್ಟುವಷ್ಟರಲ್ಲಿ ಆ ಗಾಲಿಯಿಂದ ಹೊಗೆ ಎದ್ದಿತ್ತು. ಅಂದು ಸಂಜೆ ತಾಯಣ್ಣ ಗಾಲಿಯ ಬ್ರೇಕ್ ಡ್ರಮ್ ಬಿಚ್ಚಿದ. ಒಳಗೆ ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಬ್ರೇಕಿನ ಲೈನರ್ ಗಾಜಿನ ಹಾಗೆ ಹೊಳೆಯುತ್ತಿತ್ತು, ಡ್ರಮ್ಮಿನ ಹೊಟ್ಟೆ ಸುಟ್ಟು ನೀಲಿಗಟ್ಟಿತ್ತು. ಲೈನರನ್ನು ಮರಳುಕಾಗದದಲ್ಲಿ ಉಜ್ಜಿ, ಸ್ಪ್ರಿಂಗ್ ಹೊಸದು ಹಾಕಿ, "ಇನ್ನ ಆರಾಮ ಹೋಗ್ರಿ" ಎಂದಿದ್ದ. ಮಂಗಳವಾರ ಬೆಳಿಗ್ಗೆ ಮತ್ತೆ ಗಾಲಿ ಕಾದಿತ್ತು. ಸಂಜೆ ಮತ್ತೆ ಬಿಚ್ಚಿದ. ಈ ಸಲ ಎಣ್ಣೆ ಒತ್ತುವ ಸಿಲಿಂಡರ್ ಬದಲಿಸಿದ, ಅದಕ್ಕೆ ಎಣ್ಣೆ ತರುವ ರಬ್ಬರ್ ಪೈಪನ್ನೂ ಬದಲಿಸಿದ. ಒಬ್ಬನೇ ಗಾಡಿ ತೆಗೆದುಕೊಂಡು ಕವಿತಾಳದ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದ. ಡ್ರಮ್ಮಿಗೆ ಅಂಗೈ ಹಚ್ಚಿದರೆ ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ಮತ್ತೆ ಅದೇ ಮಾತು ಹೇಳಿದ: "ಇನ್ನ ಆರಾಮ ಹೋಗ್ರಿ."

ಸೋಮವಾರ ಹೊಗೆ ಕಂಡ ಮೇಲೆ ಆರು ಜನ ಹೆಣ್ಣುಮಕ್ಕಳು ಈ ಗಾಡಿಯಲ್ಲಿ ಬರುವುದಿಲ್ಲ ಎಂದು ಕುಳಿತಿದ್ದರಂತೆ. ಅವರನ್ನು ಒಪ್ಪಿಸಿದವಳು ದುರುಗಮ್ಮ. "ನನ್ನ ತಮ್ಮ ನೋಡ್ಯಾನ. ಅಂವ ಹೇಳಿದ ಮ್ಯಾಲ ಮುಗೀತು" ಎಂದಿದ್ದಳು. ಆಮೇಲೆ ತಾನೇ ಹೋಗಿ ಸುಡುವ ಗಾಲಿಯ ಮೇಲಿನ ಜಾಗದಲ್ಲಿ ಕುಳಿತಿದ್ದಳು. ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಲುವೆಯ ಏರಿ ಬರುತ್ತದೆ. ಹತ್ತಿ ಇಳಿಯಬೇಕು, ಇಳಿಜಾರಿನ ಎರಡೂ ಬದಿಗೆ ನೀರು. ತಾಯಣ್ಣನ ಕಣ್ಣಿಗೆ ಮೂರು ದಿನದಿಂದ ಆ ಇಳಿಜಾರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಶಟರ್ ಅರ್ಧಕ್ಕೇ ಬಿಟ್ಟು ಅವನು ಒಳಗೆ ಹೋದ, ಹೊರಗೆ ಬಂದ. ಬೋಲ್ಟು ಬಿಚ್ಚುವ ಪಾನಾ ಒಂದನ್ನು ಎತ್ತಿ ಇನ್ನೊಂದು ಕಡೆ ಇಟ್ಟ. ಟ್ರ್ಯಾಕ್ಟರಿನವರು ಒಬ್ಬರು ಬಂದು ಏನೋ ಕೇಳಿದರು. ಏನು ಉತ್ತರ ಕೊಟ್ಟೆ ಎಂಬುದು ಅವನಿಗೇ ನೆನಪಿಲ್ಲ.

ಎಂಟು ಗಂಟೆಗೆ ಆಂಜನೇಯನ ಫೋನು ಬಂತು.

"ಅಣ್ಣಾ, ಮತ್ತ ಕಾದದ. ಎರಡ ಕೊಡ ನೀರು ಹೊಡದೀನಿ. ಚುಸ್ ಅಂತ ಅಂತು."

"ನೀರ್ಯಾಕ ಹೊಡದಿ? ಡ್ರಮ್ ಸೀಳತದ! ಕಾದಿದ್ದು ತಾನ ಆರಲಿ ಅಂತ ಎಷ್ಟ ಸಲ ಹೇಳೀನಿ ನಿನಗ?"

"ಮತ್ತ ಏನ್ ಮಾಡ್ಲಿ, ಬೀಸಣಿಕಿ ಹಿಡದು ಗಾಳಿ ಹಾಕ್ಲೇನು?"

"ಅಕ್ಕ ಎಲ್ಲಿ?"

"ಹತ್ತಿ ಬಿಡಸಾಕತ್ತಾಳ. ನೀವ ಅಂಜೀರಿ, ಆಕಿ ಅಂಜಿಲ್ಲ."

ತಾಯಣ್ಣ ಫೋನು ಕೆಳಗಿಟ್ಟ. ಅವಳು ಅಂಜದೇ ಇರುವುದೇ ಅವನ ಅಂಜಿಕೆ.

ಅಕ್ಕ ತಮ್ಮ ಇಬ್ಬರೂ ಚೀಕಲಪರ್ವಿಯಲ್ಲಿ ಹುಟ್ಟಿದವರು. ತಾಯಣ್ಣ ನಾಲ್ಕು ವರ್ಷದವನಿದ್ದಾಗ ತಾಯಿ ಜ್ವರ ಬಂದು ತೀರಿಕೊಂಡಳು. ಆಗ ದುರುಗಮ್ಮನಿಗೆ ಹನ್ನೊಂದು. ಆ ವಯಸ್ಸಿನಿಂದಲೇ ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋದವಳು. ಹತ್ತಿಯ ರಾಶಿಯ ಮೇಲೆ ಅವನನ್ನು ಮಲಗಿಸಿ, ಸಾಲು ಹಿಡಿದು ಬಿಡಿಸುತ್ತ ದೂರ ಹೋಗಿ, ಅವನ ಅಳು ಕೇಳಿದರೆ ಸಾಲು ಬಿಟ್ಟು ಓಡಿ ಬರುತ್ತಿದ್ದಳು. ಹತ್ತನೇ ಇಯತ್ತೆಯ ಪರೀಕ್ಷೆಗೆ ಅವನು ಎರಡು ಸಲ ಕೂತು ಎರಡು ಸಲವೂ ಬಿದ್ದಾಗ, ಬಸ್ಸು ಹತ್ತಿಸಿ ರಾಯಚೂರಿಗೆ ಕರೆದುಕೊಂಡು ಹೋದವಳೂ ಅವಳೇ. ಹತ್ತಿಯ ಜಿನ್ನಿಂಗ್ ಮಿಲ್ಲುಗಳ ಹಿಂದೆ ಪೀರಾ ಸಾಬ್ ಎಂಬವರ ಗ್ಯಾರೇಜ್ ಇತ್ತು. "ಇವನ ಕೈಗೆ ಕೆಲಸ ಕೊಡ್ರಿ ಸಾಹೇಬ್ರ. ಓದಿನಾಗ ಮನಸ್ಸಿಲ್ಲ, ಆದ್ರ ಕೈ ಸುಮ್ಮ ಇರಂಗಿಲ್ಲ" ಎಂದು ಅವರ ಮುಂದೆ ನಿಲ್ಲಿಸಿ, ಹಿಂದಿರುಗಿ ನೋಡದೆ ಬಸ್ಸು ಹಿಡಿದಿದ್ದಳು. ಹಿಂದಿರುಗಿ ನೋಡಿದ್ದರೆ ತಾನು ಅವಳ ಹಿಂದೆ ಓಡಿಬಿಡುತ್ತಿದ್ದೆ ಎಂದು ತಾಯಣ್ಣನಿಗೆ ಈಗಲೂ ಅನ್ನಿಸುತ್ತದೆ.

ಅಲ್ಲಿ ಒಂಬತ್ತು ವರ್ಷ ಕಲಿತು ಮಾನ್ವಿಗೆ ಬಂದು ಸ್ವಂತ ಗ್ಯಾರೇಜ್ ಹಾಕಿ ಇಪ್ಪತ್ತು ವರ್ಷ ದಾಟಿದೆ. ಜೀಪು, ಟಂಟಂ, ಟ್ರ್ಯಾಕ್ಟರ್, ಯಾವುದು ಬಂದರೂ ಒಂದು ಗಂಟೆಯೊಳಗೆ ರೋಗ ಹೇಳುತ್ತಿದ್ದ. ದೇವದುರ್ಗದಿಂದ ಕೂಡ ಗಾಡಿ ಹುಡುಕಿಕೊಂಡು ಬರುತ್ತಿದ್ದವು. ಅಂಥವನ ಕೈಯಲ್ಲಿ ಒಂದು ಗಾಲಿ ಮೂರು ದಿನದಿಂದ ಆಟ ಆಡುತ್ತಿತ್ತು.

ಇನ್ನು ತಡೆಯಲಾರದೆ ಒಂಬತ್ತೂವರೆಯ ಬಸ್ಸಿಗೆ ರಾಯಚೂರಿಗೆ ಹೊರಟ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ. ಬ್ರೇಕು ಹಾಕಿದಾಗಲೆಲ್ಲ ತನ್ನ ಕಾಲು ತಾನೇ ನೆಲ ಒತ್ತುವುದನ್ನು ನೋಡುತ್ತ, ಕಂಬಿ ಹಿಡಿದು ನಿಂತೇ ಇದ್ದ.

ಪೀರಾ ಸಾಬ್‌ಗೆ ಈಗ ಎಪ್ಪತ್ತೈದು. ಗ್ಯಾರೇಜ್ ಮುಚ್ಚಿ ಎಷ್ಟೋ ಕಾಲವಾಗಿದೆ. ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಮನೆಯ ಮುಂದೆ ಮಂಚ ಹಾಕಿಕೊಂಡು, ಹೋಗಿ ಬರುವ ಆಟೋಗಳ ಸದ್ದು ಕೇಳಿ, ಯಾವುದಕ್ಕೆ ಏನು ರೋಗ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಕೂರುತ್ತಾರೆ. ಕಣ್ಣು ಮಂಜು. ಶಿಷ್ಯನನ್ನು ಹೆಜ್ಜೆ ಸಪ್ಪಳದಿಂದಲೇ ಗುರುತಿಸಿದರು.

"ಯಾಕ ಬೇಟಾ, ಪೊಲೀಸರು ಬೆನ್ನು ಹತ್ಯಾರೇನು? ಹಿಂಗ್ಯಾಕ ನಡದು ಬಂದಿ?"

ತಾಯಣ್ಣ ಎಲ್ಲ ಹೇಳಿದ. ನಿಂತೇ ಹೇಳಿದ. ಪೀರಾ ಸಾಬ್ ಮಂಚ ತಟ್ಟಿದರು. "ಮೊದಲ ಕೂಡು. ನಿಂತ ಮನಷ್ಯಾನ ಮಾತು ನನ್ನ ನೆತ್ತಿ ಮ್ಯಾಲಿಂದ ಹೋಗತಾವ." ಕೂತ ಮೇಲೆ ಕೇಳಿದರು: "ಎಷ್ಟ ಸಲ ಬಿಚ್ಚಿದಿ?"

"ಎರಡ ಸಲ, ಉಸ್ತಾದ್. ಜಾಕ್ ಹಚ್ಚಿ ಗಾಲಿ ಎತ್ತಿ ಒಂದ ಬೆರಳಲೆ ತಿರಗಿಸಿದ್ರ ಬುಗರಿ ತಿರಗಿದಂಗ ತಿರಗತದ. ಎಲ್ಲೂ ಹಿಡಿಯಂಗಿಲ್ಲ."

"ಎಷ್ಟ ಸಲ ಓಡ್ಸಿದಿ?"

"ಒಂದ ಸಲ. ನಾನೊಬ್ಬನ."

"ಒಬ್ಬನ!" ಪೀರಾ ಸಾಬ್ ನಕ್ಕರು. "ಮದಿವಿ ಮನಿಗೆ ಮಂದಿ ಇಲ್ಲದಾಗ ಹೋಗಿ, ಇಲ್ಲಿ ಜಗಳ ಇಲ್ಲ ಅಂತ ಹೇಳಿ ಬಂದಂಗಾತು."

"ಮಂದಿ ಭಾರಕ್ಕ ಹಿಡೀತದ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರ ಸಂಜಿಗೆ ಅದ ಹದಿನಾಲ್ಕು ಮಂದಿ ತಿರಗಿ ಬರತಾರ. ಆವಾಗ ಗಾಲಿ ತಣ್ಣಗ ಇರತದ. ಬೆಳಿಗ್ಗಿ ಅಷ್ಟ ಹಿಡೀತದ."

ಓಣಿಯಲ್ಲಿ ಒಂದು ಆಟೋ ಹೋಯಿತು. ಅದರ ಸದ್ದು ಪೂರ್ತಿ ಕರಗುವವರೆಗೂ ಮುದುಕರು ಕಿವಿ ಕೊಟ್ಟರು. ಆಮೇಲೆ ಹೇಳಿದರು: "ಮಂಜಿನ ನೀರು ಇಳಿದಿರಬೇಕು ಅಂತ ನೀ ಅನ್ನಬಹುದು. ಅಲ್ಲ. ಮಂಜು ನಿನ್ನ ಗ್ಯಾರೇಜಿನಾಗ ನಿಂತ ಬಾಕಿ ಗಾಡಿ ಮ್ಯಾಲನೂ ಬೀಳತದ. ಬೆಳಿಗ್ಗಿ ಏನೋ ಇರತದ, ಸಂಜಿಗೆ ಅದು ಇರಂಗಿಲ್ಲ. ಅದೇನಂತ ನನ್ನ ಮಂಚದ ಮ್ಯಾಲ ಕೂತು ಹೇಳಾಕ ಆಗಂಗಿಲ್ಲ, ನಿನ್ನ ಗ್ಯಾರೇಜಿನಾಗ ನಿಂತೂ ಆಗಂಗಿಲ್ಲ. ನಾಳಿಗೆ ಅವರ ಜೋಡಿ ಕೂತು ಹೋಗು. ಹಿಡದಾಗ ನಿಲ್ಲಸು. ನಿಲ್ಲಸಿ ಏನೂ ಮುಟ್ಟಬ್ಯಾಡ. ನಿನ್ನ ಕೈ ಭಾಳ ಜಲ್ದಿ, ತಾಯಣ್ಣ. ನೀ ಬಿಚ್ಚೋ ಮೊದಲ ರೋಗ ಓಡಿ ಹೋಗತದ."

"ಚಹಾ ಕುಡದು ಹೋಗು" ಎಂದು ಅವರು ಹಿಂದಿನಿಂದ ಕೂಗಿದಾಗ ತಾಯಣ್ಣನ ಮನಸ್ಸು ಆಗಲೇ ಬಸ್ ಸ್ಟ್ಯಾಂಡಿನಲ್ಲಿತ್ತು. ಆದರೂ ತಿರುಗಿ ಬಂದು ಕೂತು ಕುಡಿದ. ನಾಲಿಗೆ ಸುಟ್ಟುಕೊಂಡ.

ಸಂಜೆ ಜೀಪು ಬಂದಾಗ ಡ್ರಮ್ ಮುಟ್ಟಿ ನೋಡಿದ. ತಣ್ಣಗಿತ್ತು, ಎಂದಿನಂತೆ. ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ದುರುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹತ್ತಿಯ ಕಾಯಿಯ ಮುಳ್ಳು ಚುಚ್ಚಿ ಬೆರಳ ತುದಿಗಳೆಲ್ಲ ಗೀರಿದ್ದವು. ಹಿಟ್ಟು ತಾಗಿದಾಗ ಆ ಗೀರುಗಳು ಇನ್ನಷ್ಟು ಬಿಳಿ ಕಾಣುತ್ತಿದ್ದವು.

"ಯಕ್ಕಾ, ನಾಳಿಗೆ ಹೋಗಬ್ಯಾಡ."

"ಯಾಕ?"

"ಗಾಲಿ ರೋಗ ಇನ್ನಾ ಸಿಕ್ಕಿಲ್ಲ."

ರೊಟ್ಟಿಯ ಬಡಿತ ನಿಲ್ಲಲಿಲ್ಲ. "ನಿನ್ನೆ ಆರಾಮ ಹೋಗ್ರಿ ಅಂದಿ."

"ಅಂದೆ."

"ಮೊನ್ನೆ ಅಂದಿ."

"ಅಂದೆ ಯಕ್ಕಾ. ತಪ್ಪಾತು."

ಈಗ ಬಡಿತ ನಿಂತಿತು. "ತಪ್ಪಾತು ಅಂತ ನನ್ನ ಮುಂದ ಹೇಳಿದ್ರ ಏನ್ ಬಂತು? ನಾ ಹದಿಮೂರು ಮಂದಿ ಮುಂದ ನಿನ್ನ ಮಾತು ಹೇಳೀನಿ. ಒಬ್ಬಾಕಿಗೆ ಎಂಟ ತಿಂಗಳ ಕೂಸದ, ಮನ್ಯಾಗ ಬಿಟ್ಟು ಬರತಾಳ. ಹೊಲ ಹಿಡದೀವಿ, ಅರ್ಧ ಬಿಟ್ಟು ಬಂದ್ರ ಮಳಿ ಬಿದ್ದು ಹತ್ತಿ ಕಪ್ಪಾಗತದ. ಗಾಡಿ ಹೋಗಬಹುದು ಅಂದ್ರ ಹೋಗಬಹುದು ಅನ್ನು. ಬ್ಯಾಡ ಅಂದ್ರ ಬ್ಯಾಡ ಅನ್ನು. ನಡುವ ನಿಂತು ನನಗ ಹೇಳಬ್ಯಾಡ."

"ನಾಳಿಗೆ ನಾನೂ ಬರತೀನಿ ಗಾಡ್ಯಾಗ. ಎಲ್ಲಿ ಹಿಡೀತದೋ ಅಲ್ಲೇ ನಿಲ್ಲಸ್ತೀನಿ. ಕಾಲುವಿ ಏರಿಗೆ ಮುಟ್ಟಾಕ ಬಿಡಂಗಿಲ್ಲ."

ದುರುಗಮ್ಮ ಅವನ ಮುಖ ನೋಡಿದಳು. ಹಂಚಿನ ಮೇಲಿನ ರೊಟ್ಟಿ ತೆಗೆದು, ಪುಂಡಿಪಲ್ಯ ಇಟ್ಟು ಕೈಗೆ ಕೊಟ್ಟಳು. "ಉಣ್ಣು. ಮೂರ ದಿನದಾಗ ಮುಖ ಸಣ್ಣಾಗ್ಯಾದ." ಅವನು ಅದನ್ನು ಅಂಗಳದಲ್ಲಿ ಅಡ್ಡಾಡುತ್ತ ತಿಂದ.

ಮರುದಿನ ಬೆಳಿಗ್ಗೆ ಜೀಪಿನ ಹತ್ತಿರ ಅವನನ್ನು ಕಂಡ ಕೂಡಲೇ ಪಕೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಬಾಯಿಗೆ ಎಲೆ ಅಡಿಕೆ ಇಲ್ಲದಿದ್ದರೆ ಮಾತು, ಮಾತಿಲ್ಲದಿದ್ದರೆ ಎಲೆ ಅಡಿಕೆ.

"ಬಂದ್ರಿ ಮೇಸ್ತ್ರಿ? ಇವತ್ತ ಹತ್ತಿ ಬಿಡಸಾಕ ಬಂದೀರೋ, ನಮಗ ಆಗೋದು ನೋಡಾಕ ಬಂದೀರೋ?"

"ಗಾಲಿ ನೋಡಾಕ ಬಂದೀನವ್ವಾ."

"ಗಾಲಿ ಕೆಳಗದ. ನೀ ಮ್ಯಾಲ ಯಾಕ ಹತ್ತಾಕತ್ತಿ?"

ಹೆಣ್ಣುಮಕ್ಕಳು ನಕ್ಕರು. ತಾಯಣ್ಣ ಅಕ್ಕನ ಪಕ್ಕದಲ್ಲಿ, ಎಡಗಡೆಯ ಪಟ್ಟಿಯ ಮೇಲೆ ಮುದುರಿ ಕುಳಿತ. ಅವರೆಲ್ಲ ತಮ್ಮ ತಮ್ಮ ಬುತ್ತಿಯ ಗಂಟುಗಳನ್ನು ಕೈಯಿಂದ ಕೈಗೆ ಮುಂದಕ್ಕೆ ದಾಟಿಸಿದರು. ಹಿಂದೆ ಕಾಲಿಡಲು ಜಾಗವಿಲ್ಲ. ಇದ್ದರೂ ಅನ್ನವನ್ನು ಕಾಲ ಬುಡದಲ್ಲಿ ಯಾರೂ ಇಡುವುದಿಲ್ಲ. ಗಂಟುಗಳೆಲ್ಲ ಡ್ರೈವರ್ ಸೀಟಿಗೂ ಅದರ ಪಕ್ಕದ ಸೀಟಿಗೂ ನಡುವೆ ಒಂದರ ಮೇಲೊಂದು ಕೂತವು. ಜೀಪು ಹೊರಟಿತು.

ತಾಯಣ್ಣ ಕಾಲ ಕೆಳಗಿನ ತಗಡಿಗೆ ಅಂಗೈ ಒತ್ತಿ ಕೂತ. ಓಣಿ ದಾಟಿತು. ದೊಡ್ಡ ರಸ್ತೆ ಬಂತು. ಸದ್ದಿಲ್ಲ. ಐದು ಕಿಲೋಮೀಟರಿಗೆ ನಿಲ್ಲಿಸಿ ಇಳಿದು ಡ್ರಮ್ ಮುಟ್ಟಿದ, ಮೈ ಬೆಚ್ಚಗಿರುವಷ್ಟು. ಹದಿನೈದಕ್ಕೆ ಮತ್ತೆ ನಿಲ್ಲಿಸಿದ, ಅಷ್ಟೇ. ಕವಿತಾಳದಲ್ಲಿ ಮೂರನೇ ಸಲ ಇಳಿದಾಗ ಪಕೀರಮ್ಮ ಹೊರಗೆ ತಲೆ ಹಾಕಿದಳು.

"ಮೇಸ್ತ್ರಿ ಕೂತಾನಂತ ಗಾಲಿಗೆ ನಾಚಿಕಿ ಬಂದದ. ದಿನಾ ನೀನ ಬಾ, ನಿನಗೂ ಒಂದ ಸಾಲು ಕೊಡ್ತೀವಿ ಬಿಡಸಾಕ."

"ಅಣ್ಣಾ, ಹಿಂಗ ನಿಂತ ನಿಂತ ಹೋದ್ರ ಹೊಲದಾಗ ಮಧ್ಯಾಹ್ನದ ಊಟಕ್ಕ ಮುಟ್ಟತೀವಿ" ಎಂದ ಆಂಜನೇಯ.

ಹಿಡಿಯದಿದ್ದರೆ ತಾಯಣ್ಣನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವತ್ತು ಹಿಡಿಯದೆ, ತಾನಿಲ್ಲದ ನಾಳೆ, ಏರಿಯ ಮೇಲೆಯೇ ಹಿಡಿದರೆ?

ಕವಿತಾಳ ದಾಟಿ, ದೇವದುರ್ಗದ ದಿಕ್ಕಿನ ರಸ್ತೆಯಲ್ಲಿ ಡಾಂಬರು ಕಿತ್ತುಹೋದ ಜಾಗ ಬಂತು. ಜೀಪು ತಗ್ಗಿಗೆ ಬಿದ್ದು ಎದ್ದಿತು, ಮತ್ತೆ ಬಿದ್ದು ಎದ್ದಿತು. ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಆಂಜನೇಯನ ಹಿರಿಯರನ್ನೆಲ್ಲ ನೆನೆದರು. ತಗ್ಗುಗಳು ಮುಗಿದು ರಸ್ತೆ ಸಪಾಟಾಯಿತು. ಮಾತು ಕಡಿಮೆಯಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ, ತಾಯಣ್ಣನ ಅಂಗೈಯಡಿ ತಗಡು ಸಣ್ಣಗೆ ನಡುಗಿತು.

ಕುಂಯ್... ಕುಂಯ್...

"ಬಂತು," ಎಂದಳು ದುರುಗಮ್ಮ, ಮೆಲ್ಲಗೆ.

"ತಡಿ. ಇನ್ನೊಂದೀಟು ಹೋಗಲಿ." ಅವನು ಹಲ್ಲು ಕಚ್ಚಿ ಎರಡು ಕಿಲೋಮೀಟರ್ ಕೂತ. ದೂರದಲ್ಲಿ ಕಾಲುವೆಯ ಏರಿ ಕಂಡ ಕೂಡಲೇ ಕೂಗಿದ: "ನಿಲ್ಲಸು! ಯಾರೂ ಇಳಿಬ್ಯಾಡ್ರಿ. ಯಾರೂ ಏನೂ ಮುಟ್ಟಬ್ಯಾಡ್ರಿ!"

ತಾನೊಬ್ಬನೇ ಇಳಿದ. ಡ್ರಮ್ಮಿನ ಹತ್ತಿರ ಕೈ ಒಯ್ದರೆ ಸಾಕು, ಒಲೆಯ ಬಾಯಿಗೆ ಹಿಡಿದ ಹಾಗಿತ್ತು. ಜಾಕ್ ಇದ್ದ ಚೀಲ ಹೆಗಲಿನಲ್ಲೇ ಇತ್ತು. ಕೈ ಅದರ ಬಾಯಿಯವರೆಗೂ ಹೋಯಿತು. ಹಿಂದಕ್ಕೆ ತೆಗೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಆಂಜನೇಯ, ಗೇರ್ ತಗಿ. ಕಾಲು ಬ್ರೇಕಿನ ಮ್ಯಾಲಿಂದ ಎತ್ತು."

"ಎತ್ತೀನಿ."

ರಸ್ತೆ ಅಲ್ಲಿ ತುಸುವೇ ಮುಂದಕ್ಕೆ ಇಳಿದಿತ್ತು. ಗೇರ್ ತೆಗೆದರೆ ಗಾಡಿ ತಾನಾಗಿ ಉರುಳಬೇಕು. ಉರುಳಲಿಲ್ಲ. ತಾಯಣ್ಣ ಹಿಂದಿನಿಂದ ಹೆಗಲು ಕೊಟ್ಟು ನೂಕಿದ, ಕದಲಲಿಲ್ಲ. "ಇನ್ನ ಒಬ್ಬೊಬ್ಬರ ಇಳೀರಿ. ಗಂಟು ಗಿಂಟು ಹಂಗ ಇರಲಿ." ಒಬ್ಬೊಬ್ಬರೇ ಇಳಿದರು. ಏಳು ಜನ ಇಳಿದರು, ನೂಕಿದ. ಹತ್ತು. ಹದಿನಾಲ್ಕು. ಖಾಲಿ ಜೀಪು ಎತ್ತಿನ ಹಾಗೆ ಮೊಂಡು ಹಿಡಿದು ನಿಂತಿತ್ತು. ಭಾರದಿಂದಲ್ಲ ಎಂಬುದಾದರೂ ಖಚಿತವಾಯಿತು. ಗಾಡಿಯಲ್ಲಿ ಆಂಜನೇಯ ಒಬ್ಬನೇ ಇದ್ದಾನೆ, ಆದರೂ ಬ್ರೇಕು ಹಿಡಿದಿದೆ. ಹಾಗಾದರೆ ಹಿಡಿದವರು ಯಾರು?

"ಮುಟ್ಟಬ್ಯಾಡ, ಇಳಿಬ್ಯಾಡ, ಇಳಿ, ನಿಲ್ಲು," ಎಂದು ಪಕೀರಮ್ಮ ಗೊಣಗಿದಳು. "ನನ್ನ ಎಲಿ ಚೀಲ ಗಂಟಿನಾಗ ಸಿಕ್ಕೊಂಡದ. ಅದನ್ನಾರ ತಗೊಳ್ಳಾಕ ಬಿಡತೀಯೋ ಇಲ್ಲೋ?" ಯಾರ ಉತ್ತರಕ್ಕೂ ಕಾಯದೆ ಮುಂದಿನ ಬಾಗಿಲಿನಿಂದ ಕೈ ಹಾಕಿ, ಗಂಟುಗಳ ರಾಶಿಯ ಅಡಿಯಿಂದ ತನ್ನ ದೊಡ್ಡ ಸ್ಟೀಲ್ ಡಬ್ಬಿಯ ಗಂಟನ್ನು ಜಗ್ಗಿದಳು.

ಟಕ್.

ತಾಯಣ್ಣನ ಹೆಗಲ ಕೆಳಗಿಂದ ಜೀಪು ಜಾರಿತು. ಅವನು ಮುಗ್ಗರಿಸಿ ಮೊಣಕಾಲೂರಿದ. ಗಾಡಿ ಸದ್ದಿಲ್ಲದೆ ಒಂದು ಮಾರು ಉರುಳಿತು. ಆಂಜನೇಯ ಗಾಬರಿಯಲ್ಲಿ ಬ್ರೇಕು ತುಳಿದ.

ತಾಯಣ್ಣ ಎದ್ದು ಓಡಿ ಬಂದು ಒಳಗೆ ನೋಡಿದ. ಸೀಟುಗಳ ನಡುವೆ ಹ್ಯಾಂಡ್ ಬ್ರೇಕಿನ ಕಡ್ಡಿ ನೆಲಕ್ಕೆ ಮಲಗಿತ್ತು. ಪಕೀರಮ್ಮನ ಕೈಯಿಂದ ಡಬ್ಬಿ ಇಸಿದುಕೊಂಡು ಕಡ್ಡಿಯ ಕೆಳಗೆ ತೂರಿಸಿದ. ಮೇಲೆ ಇನ್ನೊಂದು ಗಂಟು ಒತ್ತಿದ. ಅಡಿಯ ಡಬ್ಬಿ ಅಡ್ಡಡ್ಡ ಹೊರಳಿ ಕಡ್ಡಿಯನ್ನು ಎತ್ತಿತು, ಬೆರಳಷ್ಟು, ಬ್ರೇಕು ಎಳೆಯಲು ಸಾಕಾಗುವಷ್ಟು. ಡಬ್ಬಿ ತೆಗೆದ. ಕಡ್ಡಿಯನ್ನು ಮೇಲೆ ತಡೆಯಬೇಕಾದ ಸವೆದ ಹಲ್ಲು ಹಿಡಿಯಲಾರದೆ ಅದು ಟಕ್ಕೆಂದು ಬಿತ್ತು.

ಹೊಲ ಮುಟ್ಟಿದ ಕೂಡಲೇ ಎಲ್ಲರೂ ಗಂಟು ತೆಗೆದುಕೊಳ್ಳುತ್ತಿದ್ದರು, ಕಡ್ಡಿ ಬೀಳುತ್ತಿತ್ತು. ಆಮೇಲೆ ಯಾರು ಗಾಲಿ ತಿರುಗಿಸಿದರೂ ಬುಗುರಿ. ಸಂಜೆ ಖಾಲಿ ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬಲಗಾಲಿಗೆ ಹೋಗುವ ಹ್ಯಾಂಡ್ ಬ್ರೇಕಿನ ತಂತಿ ಹರಿದು ವರ್ಷಗಳಾಗಿದ್ದವು. ಎಡದ್ದು ಮಾತ್ರ ಇನ್ನೂ ಎಳೆಯುತ್ತಿತ್ತು.

"ಗಂಟು ಯಾವಾಗಿಂದ ಇಲ್ಲಿ ಇಡಾಕತ್ತೀರಿ?"

"ಸೋಮವಾರದಿಂದ," ಎಂದ ಆಂಜನೇಯ. "ಮೊದಲ ಮ್ಯಾಲ ಕಟ್ಟತಿದ್ವಿ. ಶನಿವಾರ ಒಂದ ಗಂಟು ಬಿದ್ದು ರೊಟ್ಟಿ ಎಲ್ಲ ದಾರಿಪಾಲಾತು. ದುರುಗಮ್ಮಕ್ಕ ಬೈದು, ಒಳಗ ಇಡು ಅಂದಳು."

ಪಕೀರಮ್ಮ ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು. "ಎರಡ ಸಲ ಗಾಲಿ ಬಿಚ್ಚಿದ್ಯಲ್ಲೋ ಮೇಸ್ತ್ರಿ! ನನ್ನ ಡಬ್ಬಿ ಬಿಚ್ಚಿದ್ರ ಒಂದ ರೊಟ್ಟಿನಾರ ಸಿಗತಿತ್ತು ನಿನಗ."

ಎಲ್ಲರೂ ಗೊಳ್ಳೆಂದರು. ದುರುಗಮ್ಮ ನಗಲಿಲ್ಲ. "ಹಂಗಾರ ಇದು ನಾ ಮಾಡಿದ್ದೇನು?"

"ನೀ ಅಲ್ಲ ಯಕ್ಕಾ." ತಾಯಣ್ಣ ಕಡ್ಡಿಯನ್ನೇ ನೋಡುತ್ತಿದ್ದ. "ನಾಲ್ಕ ವರ್ಷದ ಹಿಂದ ಹಲ್ಲು ಸವದದ ಅಂತ ಇವನಿಗೆ ನಾನ ಹೇಳಿದ್ದೆ, ಈ ಹ್ಯಾಂಡ್ ಬ್ರೇಕ್ ಸತ್ತದ, ಗಾಲಿಗೆ ಕಲ್ಲಿಟ್ಟು ನಿಲ್ಲಸು ಅಂತ. ಅವತ್ತಿನಿಂದ ಅಂವ ಕಲ್ಲು ಇಡತಾನ. ನಾ ಸತ್ತದ ಅಂದದ್ದನ್ನ ನಾನ ತಿರಗಿ ನೋಡಲಿಲ್ಲ. ಎರಡೂ ಸಲ."

ಅವನು ಗಾಲಿಯ ಹತ್ತಿರ ಹೋಗಿ ನೆಲಕ್ಕೆ ಕೆನ್ನೆ ತಾಗಿಸಿ ಒಳಬದಿ ನೋಡಿದ. ಟಯರಿನ ಒಳಮೈ ಮೇಲೆ ಕಪ್ಪಗೆ, ಒದ್ದೆಯಾಗಿ ಒಂದು ಗೆರೆ ಇಳಿದಿತ್ತು. ಬೆರಳಿಗೆ ಹಚ್ಚಿಕೊಂಡು ತಿಕ್ಕಿದ. ಗ್ರೀಸು. ನಾಲ್ಕು ದಿನ ಕಾದು ಕಾದು ಗಾಲಿಯ ಒಳಗಿನ ಗ್ರೀಸು ಕರಗಿ ಬ್ರೇಕಿನ ಮೇಲೆ ಇಳಿದಿದೆ. ಹಿಡಿಯಬಾರದಾಗ ಹಿಡಿದ ಗಾಲಿ, ಇನ್ನು ಹಿಡಿಯಬೇಕಾದಾಗ ಜಾರುತ್ತದೆ. ಎದುರಿಗೆ ಏರಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

"ಸಿಕ್ಕತಲ್ಲ ಅಣ್ಣಾ, ನಡೀರಿ ಇನ್ನ," ಎಂದು ಆಂಜನೇಯ ಗಾಡಿ ಚಾಲೂ ಮಾಡಿದ. "ಗಂಟು ಮಡಿಲಾಗ ಇಟ್ಕೊಳ್ರಿ. ಎರಡ ಕಿಲೋಮೀಟರ್ ಅದ, ಮೆಲ್ಲಕ ಹೋಗ್ತೀನಿ."

"ಹತ್ರಿ, ಹತ್ರಿ. ಬಿಸಲು ಏರಾಕತ್ತದ," ಎಂದಳು ಪಕೀರಮ್ಮ. ಒಂದಿಬ್ಬರು ಆಗಲೇ ಪಾವಟಿಗೆಯ ಮೇಲೆ ಕಾಲಿಟ್ಟರು. ಉಳಿದವರು ದುರುಗಮ್ಮನ ಮುಖ ನೋಡಿದರು. ದುರುಗಮ್ಮ ತಮ್ಮನ ಮುಖ ನೋಡಿದಳು.

"ಹೇಳು ತಮ್ಮಾ. ಹೋಗಬಹುದೇನು?"

ತಾಯಣ್ಣನ ಬಾಯಿಗೆ ಆರಾಮ ಹೋಗ್ರಿ ಎಂಬ ಆ ಎರಡು ಮಾತು ತಾವಾಗಿಯೇ ಬಂದವು. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಹೇಳಿದ ಮಾತು, ನಾಲಿಗೆಗೆ ರೂಢಿ. ಅವನು ಬಾಯಿ ಮುಚ್ಚಿಕೊಂಡ. ಡ್ರೈವರ್ ಬಾಗಿಲಿಗೆ ಬಂದು, ಆಂಜನೇಯನ ಎದೆಯ ಮುಂದಿನಿಂದ ಕೈ ಚಾಚಿ ಚಾವಿ ತಿರುಗಿಸಿ ಕಿತ್ತುಕೊಂಡ. ಇಂಜಿನ್ ಕೆಮ್ಮಿ ಸುಮ್ಮನಾಯಿತು.

"ಅಣ್ಣಾ, ಇದೇನ್ರಿ?"

"ಇಳಿ. ಗಾಲಿಗೆ ಕಲ್ಲಿಡು. ಬ್ರೇಕಿನ ಮ್ಯಾಲ ಗ್ರೀಸ್ ಇಳಿದದ. ಹೊಸ ಲೈನರ್ ಹಾಕದ ಈ ಗಾಡಿ ಏರಿ ಹತ್ತಂಗಿಲ್ಲ. ನೀವು ನಡದು ಹೋಗ್ರವ್ವಾ, ಹೊಲ ಇಲ್ಲೇ ಕಾಣತದ."

"ನಡದು ಹೋಗಬೇಕಾ?" ಪಕೀರಮ್ಮ ಸೊಂಟಕ್ಕೆ ಕೈಯಿಟ್ಟಳು. "ಮೂರ ದಿನ ಸುಟ್ಟ ಗಾಲಿ ಮ್ಯಾಲ ಕೂಡ್ಸಿದಿ, ಆವಾಗ ಆರಾಮ ಹೋಗ್ರಿ ಅಂದಿ. ಇವತ್ತ ರೋಗ ಸಿಕ್ಕದ, ಇವತ್ತ ಬ್ಯಾಡ ಅಂತೀ?"

"ಹೌದವ್ವಾ."

ಚಾವಿ ಅಂಗಿಯ ಜೇಬಿಗೆ ಹಾಕಿಕೊಂಡು ಅವನು ಲೈನರ್ ತರಲು ಕವಿತಾಳದ ಕಡೆ ತಿರುಗಿದ.

"ಎಲ್ಲಿಗೆ ಹೊಂಟ್ರಿ? ಅಣ್ಣಾ, ಕವಿತಾಳದಾಗ ನನ್ನ ಗಾಡಿ ಲೈನರ್ ಸಿಗಂಗಿಲ್ಲ, ಹೇಳಾಕತ್ತೀನಿ ಕೇಳ್ರಿ..."

"ತಾಯಣ್ಣಾ," ಎಂದು ದುರುಗಮ್ಮ ಕೂಗಿದಳು, "ಸಂಜಿಗೆ ನಾವು ಹೆಂಗ ಬರಬೇಕು, ಅದನ್ನಾರ ಹೇಳಿ ಹೋಗು. ಉಂಡಿಯೇನು ನೀ? ಲೇ, ನಿಂದ್ರು, ಎರಡ ರೊಟ್ಟಿ ಕಟ್ಟಿ ಕೊಡ್ತೀನಿ..."

ಅವನು ಆಗಲೇ ದೂರ ಸಾಗಿ, ರಸ್ತೆಯ ಅಂಚು ಹಿಡಿದು ದೊಡ್ಡ ಹೆಜ್ಜೆ ಹಾಕುತ್ತಿದ್ದ.